ಒಂದು ಕಾದಂಬರಿ, ಎರಡು ಸಿನಿಮಾ: ಸ್ಟೀಫನ್ ಕಿಂಗ್ ಕಥೆಗಳಲ್ಲಿ ಯಾವ ರೂಪವನ್ನು ನೋಡಬೇಕು, ಯಾವುದನ್ನು ಬಿಡಬೇಕು

ಶಿರಸಿಯ ಸುತ್ತಮುತ್ತ ಆರಿದ್ರಾ ಮಳೆ ಹಿಡಿದ ಮೇಲೆ ಸಂಜೆ ಏಳು ಗಂಟೆಗೇ ಊರು ಮನೆಯೊಳಗೆ ಸೇರಿಕೊಳ್ಳುತ್ತದೆ. ಯಕ್ಷಗಾನ ಮೇಳಗಳ ತಿರುಗಾಟ ಮುಗಿದಿರುತ್ತದೆ, ತೋಟದಲ್ಲಿ ಕೊಳೆ ಮದ್ದು ಹೊಡೆಯುವ ಕೆಲಸ ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ ಮಾತ್ರ ಸಾಗುತ್ತದೆ, ಉಳಿದ ಹೊತ್ತು ಹಂಚಿನ ಮೇಲೆ ಬೀಳುವ ನೀರಿನ ಸದ್ದನ್ನು ಕೇಳುತ್ತಾ ಕೂರುವುದೇ ಆಗುತ್ತದೆ. ಅಂಥ ರಾತ್ರಿಗಳಲ್ಲಿ ನಮ್ಮ ಮನೆಯ ಜಗಲಿಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಸಣ್ಣದೊಂದು ಪ್ರೊಜೆಕ್ಟರ್ ಇಟ್ಟು, ಅಕ್ಕಪಕ್ಕದ ಮನೆಗಳ ಹತ್ತು ಹನ್ನೆರಡು ಜನ ಕೂತು ಭಯಾನಕ ಸಿನಿಮಾಗಳನ್ನು ನೋಡುವ ರೂಢಿ ಕೆಲವು ವರ್ಷಗಳಿಂದ ಬೆಳೆದುಬಂದಿದೆ. ಕಾಲೇಜಿನ ದಿನಗಳಿಂದ ಅಮೆರಿಕದ ಭಯಾನಕ ಕಥೆಗಾರ ಸ್ಟೀಫನ್ ಕಿಂಗ್ ಅವರ ಕಾದಂಬರಿಗಳನ್ನು ಬಿಡದೆ ಓದಿಕೊಂಡು ಬಂದವನಾದ್ದರಿಂದ ಸಿನಿಮಾ ಆಯ್ಕೆ ಮಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. ನಮ್ಮಲ್ಲಿ ಇಂಗ್ಲಿಷ್ ಸಂಭಾಷಣೆಯನ್ನು ಹಿಡಿಯಲು ಕಷ್ಟಪಡುವ ಹಿರಿಯರೂ ಇರುವುದರಿಂದ, ತಾಳಮದ್ದಳೆ ಆರಂಭವಾಗುವ ಮೊದಲು ಪ್ರಸಂಗದ ಕಥೆ ಹೇಳುವಂತೆ, ಸಿನಿಮಾದ ಹಿನ್ನೆಲೆಯನ್ನು ಹತ್ತು ನಿಮಿಷ ಹೇಳಿಯೇ ಮುಂದುವರಿಯುತ್ತೇನೆ.

ಮೊದಲ ವರ್ಷ ನಾನು ಮಾಡಿದ ಆಯ್ಕೆ ತಪ್ಪಾಗಿತ್ತು. ಕಿಂಗ್ ಅವರ ಕಾದಂಬರಿಗಳಲ್ಲೇ ನನ್ನನ್ನು ಅತಿ ಹೆಚ್ಚು ಕಲಕಿದ 'ಪೆಟ್ ಸೆಮೆಟರಿ'ಯನ್ನು ಬಾಯಿತುಂಬ ಹೊಗಳಿ, ಹೊಸದೇ ಚೆನ್ನಾಗಿರಬಹುದೆಂದು ನಂಬಿ, 2019ರ ಸಿನಿಮಾವನ್ನು ಹಾಕಿದೆ. ಸಿನಿಮಾ ಮುಗಿದಾಗ ಅತ್ತೆ ಕಂಬಳಿ ಮಡಚುತ್ತಾ, "ಇದ್ರಲ್ಲಿ ಹೆದ್ರಿಕೆ ಎಲ್ಲಿದ್ದು ತಮಾ?" ಎಂದು ಕೇಳಿದರು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಒಂದೇ ಕಾದಂಬರಿ ಎರಡು ಮೂರು ಸಲ ತೆರೆಗೆ ಬಂದಿರುವಾಗ ಯಾವುದನ್ನು ನೋಡಬೇಕು, ಯಾವುದು ಯಾಕೆ ಸೋತಿದೆ ಎಂಬುದನ್ನು ಅಂದಿನಿಂದ ಒಂದೊಂದಾಗಿ ನೋಡಿ ತೂಗುತ್ತಾ ಬಂದಿದ್ದೇನೆ. ಆ ತೂಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೋಲಿಕೆಗೆ ಅಗತ್ಯವಿರುವ ಕಡೆ ಕಥೆಯ ತಿರುವುಗಳನ್ನೂ ಕೊನೆಗಳನ್ನೂ ಹೇಳಿದ್ದೇನೆ, ಒಂದೇ ಒಂದನ್ನು ಬಿಟ್ಟು.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಪುಸ್ತಕದಲ್ಲಿದ್ದುದನ್ನು ಬದಲಿಸಿದ್ದಾರೆ ಎಂಬುದು ನನ್ನ ದೂರಲ್ಲ. ತಾಳಮದ್ದಳೆಯನ್ನು ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪದ್ಯ ಒಂದೇ ಆದರೂ ಅರ್ಥ ಹೇಳುವವರು ಬದಲಾದಂತೆ ಕೌರವ ಬದಲಾಗುತ್ತಾನೆ, ಒಬ್ಬರ ಬಾಯಲ್ಲಿ ದುಷ್ಟನಾದವನು ಇನ್ನೊಬ್ಬರ ಬಾಯಲ್ಲಿ ನಾವು ಕಣ್ಣೊರೆಸಿಕೊಳ್ಳುವಷ್ಟು ದೊಡ್ಡವನಾಗುತ್ತಾನೆ, ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಪದ್ಯದ ಒಡಲಲ್ಲಿರುವ ಭಾವವನ್ನೇ ಬಿಟ್ಟು ಅರ್ಥ ಬೇರೆಲ್ಲೋ ಹೊರಟಾಗ ಮಾತ್ರ ಸಭೆ ಮುಖ ಕಿವುಚುತ್ತದೆ. ಕಿಂಗ್ ಕಥೆಗಳ ಒಡಲಿನಲ್ಲಿರುವುದು ಮನೆ. ಕುಡಿತ ಬಿಟ್ಟ ಅಪ್ಪ, ಸಾಲದ ಚಿಂತೆ, ಮಗುವಿನ ಜ್ವರ, ನೆರೆಮನೆಯ ಅಜ್ಜನೊಡನೆ ಸಂಜೆಯ ಹರಟೆ, ಇಂಥ ವಿವರಗಳನ್ನು ಅವರು ನೂರಾರು ಪುಟ ಬರೆಯುತ್ತಾರೆ, ದೆವ್ವ ಬರುವ ಹೊತ್ತಿಗೆ ಆ ಮನೆ ನಮ್ಮದೇ ಆಗಿರುತ್ತದೆ. ಸೋತ ಸಿನಿಮಾಗಳು ಬಹುಪಾಲು ಆ ಕಾಯುವಿಕೆಯನ್ನು ಕತ್ತರಿಸಿ, ದೆವ್ವವನ್ನು ಮಾತ್ರ ಉಳಿಸಿಕೊಂಡಿವೆ. ಆದ್ದರಿಂದ ಎರಡು ರೂಪಗಳ ನಡುವೆ ಆಯ್ಕೆ ಮಾಡುವಾಗ ನಾನು ಮೊದಲು ನೋಡುವುದು, ಹೆದರಿಕೆ ಹೊಸ್ತಿಲು ದಾಟುವ ಮುನ್ನ ಮನೆಗೆ ಎಷ್ಟು ಹೊತ್ತು ಕೊಟ್ಟಿದ್ದಾರೆ ಎಂಬುದನ್ನು.

'ದಿ ಶೈನಿಂಗ್': 1980 ಮತ್ತು 1997

ಈ ಜೋಡಿಯ ಬಗ್ಗೆ ಹೆಚ್ಚು ಬರೆಯಲೇಬೇಕು, ಏಕೆಂದರೆ ಇಲ್ಲಿ ನಿರಾಶೆ ಯಾರದು ಎಂಬುದೇ ವಿವಾದದ ಮಾತು. 1977ರ ಕಾದಂಬರಿಯ ಜ್ಯಾಕ್ ಟಾರನ್ಸ್ ಕುಡಿತ ಬಿಟ್ಟು ಬದುಕನ್ನು ನೇರ್ಪಡಿಸಲು ಹೆಣಗುತ್ತಿರುವ ಮೇಷ್ಟ್ರು. ಒಮ್ಮೆ ಅಮಲಿನಲ್ಲಿ ಮಗನ ತೋಳು ಮುರಿದವನು, ವಿದ್ಯಾರ್ಥಿಯೊಬ್ಬನನ್ನು ಹೊಡೆದು ಕೆಲಸ ಕಳೆದುಕೊಂಡವನು. ಕೊಲರಾಡೊದ ಬೆಟ್ಟಗಳಲ್ಲಿ ಚಳಿಗಾಲವಿಡೀ ಮುಚ್ಚಿರುವ ಓವರ್‌ಲುಕ್ ಎಂಬ ಹೋಟೆಲನ್ನು ಕಾಯುವ ಕೆಲಸ ಅವನಿಗೆ ಸಿಕ್ಕ ಕೊನೆಯ ಅವಕಾಶ. ಹೋಟೆಲಿನ ನೆಲಮಾಳಿಗೆಯಲ್ಲಿ ಹಳೆಯ ಬಾಯ್ಲರ್ ಒಂದಿದ್ದು, ಅದರ ಒತ್ತಡವನ್ನು ದಿನವೂ ಇಳಿಸುತ್ತಿರಬೇಕು. ಆ ಬಾಯ್ಲರ್ ಮತ್ತು ಆ ಮನುಷ್ಯ ಇಬ್ಬರೂ ಒಂದೇ ರೀತಿಯಲ್ಲಿ ಒಳಗೊಳಗೇ ಕಾಯುತ್ತಾ ಹೋಗುವುದನ್ನು ಕಿಂಗ್ ಪುಟದಿಂದ ಪುಟಕ್ಕೆ ಕಟ್ಟುತ್ತಾರೆ. ಕೊನೆಗೆ ಬಾಯ್ಲರ್ ಸಿಡಿದು ಹೋಟೆಲ್ ಸುಟ್ಟುಹೋಗುತ್ತದೆ. ಆದರೆ ಅದಕ್ಕೂ ಮುನ್ನ ಒಂದು ಕ್ಷಣ ಜ್ಯಾಕ್ ತನ್ನತನವನ್ನು ಮರಳಿ ಪಡೆದು ಮಗನಿಗೆ ಓಡಿಹೋಗೆಂದು ಹೇಳುತ್ತಾನೆ.

ಸ್ಟಾನ್ಲಿ ಕುಬ್ರಿಕ್ ಅವರ 1980ರ ಸಿನಿಮಾದಲ್ಲಿ ಈ ಕೊನೆ ಇಲ್ಲ. ಅಲ್ಲಿ ಹೋಟೆಲ್ ಉಳಿಯುತ್ತದೆ, ಜ್ಯಾಕ್ ಪೊದೆಗಳ ಜಟಿಲವ್ಯೂಹದಲ್ಲಿ ಹಿಮಗಟ್ಟಿ ಸಾಯುತ್ತಾನೆ, ಕಾದಂಬರಿಯಲ್ಲಿ ಬದುಕುಳಿಯುವ ಅಡುಗೆಯವ ಹ್ಯಾಲೊರಾನ್ ಕೊಡಲಿಗೆ ಬಲಿಯಾಗುತ್ತಾನೆ. ಜ್ಯಾಕ್ ನಿಕಲ್ಸನ್ ಅವರ ಮುಖದಲ್ಲಿ ಮೊದಲ ದೃಶ್ಯದಿಂದಲೇ ಹುಚ್ಚು ಕಾಣುತ್ತದೆ, ಒಳ್ಳೆಯವನೊಬ್ಬ ಕೆಡುವ ಕಥೆ ಉಳಿಯುವುದೇ ಇಲ್ಲ ಎಂಬುದು ಕಿಂಗ್ ಅವರು ಹಲವು ಸಲ ಬಹಿರಂಗವಾಗಿ ಹೇಳಿಕೊಂಡಿರುವ ಅಸಮಾಧಾನ. ಅವರು 1997ರಲ್ಲಿ ತಾವೇ ಚಿತ್ರಕಥೆ ಬರೆದು, ಮಿಕ್ ಗ್ಯಾರಿಸ್ ಅವರ ನಿರ್ದೇಶನದಲ್ಲಿ ಟಿವಿಗಾಗಿ ಮೂರು ಕಂತುಗಳ ಕಿರುಸರಣಿಯನ್ನು ಮಾಡಿಸಿದರು. ಕಾದಂಬರಿಗೆ ಪ್ರೇರಣೆಯಾದ ಕೊಲರಾಡೊದ ಸ್ಟಾನ್ಲಿ ಹೋಟೆಲಿನಲ್ಲೇ ಅದರ ಚಿತ್ರೀಕರಣವಾಯಿತು.

ನನ್ನದೇ ಸಿದ್ಧಾಂತದಂತೆ ನೋಡಿದರೆ 1997ರದ್ದು ಗೆಲ್ಲಬೇಕಿತ್ತು. ಮನೆಗೆ ಅದು ಬೇಕಾದಷ್ಟು ಹೊತ್ತು ಕೊಡುತ್ತದೆ, ಜ್ಯಾಕ್‌ನ ಕುಡಿತವನ್ನೂ ಪಶ್ಚಾತ್ತಾಪವನ್ನೂ ಬಿಡಿಸಿ ತೋರಿಸುತ್ತದೆ, ಬಾಯ್ಲರ್ ಸಹ ಇದೆ. ಆದರೂ ಅದು ನಿರಾಶೆಗೊಳಿಸುತ್ತದೆ. ಕಾದಂಬರಿಯಲ್ಲಿ ಪೊದೆಗಳನ್ನು ಕತ್ತರಿಸಿ ಮಾಡಿದ ಪ್ರಾಣಿಗಳು ಮೊದಮೊದಲು ನಾವು ನೋಡದಿರುವಾಗ ಮಾತ್ರ ಜಾಗ ಬದಲಿಸುತ್ತವೆ, ಹಾಗಾಗಿ ಓದುವಾಗ ಬೆನ್ನು ತಣ್ಣಗಾಗುತ್ತದೆ. ಸರಣಿಯಲ್ಲಿ ಅವೇ ಪ್ರಾಣಿಗಳು ಆ ಕಾಲದ ಕಂಪ್ಯೂಟರ್ ಚಿತ್ರಗಳಾಗಿ ಕಣ್ಣೆದುರೇ ಚಲಿಸಿ ಎಲ್ಲವನ್ನೂ ಹಗುರಾಗಿಸುತ್ತವೆ. ಮನೆಯೊಳಗಿನ ಮಾತುಗಳೂ ಹಾಗೆಯೇ, ಪಾತ್ರಗಳು ತಮ್ಮ ಮನಸ್ಸಿನಲ್ಲಿರುವುದನ್ನೆಲ್ಲ ಬಾಯಿಬಿಟ್ಟು ವಿವರಿಸುತ್ತವೆ. ಹೊತ್ತು ಕೊಟ್ಟರಷ್ಟೇ ಸಾಲದು, ಆ ಹೊತ್ತಿನಲ್ಲಿ ಮೌನಕ್ಕೂ ಜಾಗವಿರಬೇಕು ಎಂಬುದನ್ನು ಈ ಸರಣಿಯಿಂದ ಕಲಿತೆ. ಕುಬ್ರಿಕ್ ಅವರು ಕಾದಂಬರಿಯ ಮನೆಯನ್ನು ಕೈಬಿಟ್ಟರೂ ಅದರ ಜಾಗದಲ್ಲಿ ಹೋಟೆಲನ್ನೇ ಒಂದು ಜೀವಿಯಾಗಿ ಕಟ್ಟಿದರು. ಉದ್ದನೆಯ ಖಾಲಿ ಕಾರಿಡಾರುಗಳಲ್ಲಿ ಹುಡುಗ ಮೂರು ಗಾಲಿಯ ಸೈಕಲ್ ತುಳಿಯುವ ಸದ್ದು ಜಮಖಾನದ ಮೇಲೆ ತಗ್ಗಿ, ಮರದ ನೆಲದ ಮೇಲೆ ಏಳುವುದನ್ನು ನಮ್ಮ ಜಗಲಿಯಲ್ಲಿ ಕೇಳಿದ ರಾತ್ರಿ, ಹಿತ್ತಲಿನ ಬಚ್ಚಲಿಗೆ ಒಬ್ಬರೇ ಹೋಗಲು ಯಾರೂ ಒಪ್ಪಲಿಲ್ಲ.

ಹಾಗಾಗಿ ನೋಡುವುದಾದರೆ 1980ರದ್ದನ್ನೇ ನೋಡಿ, ಆದರೆ ಯಾವ ಪ್ರತಿ ಎಂಬುದನ್ನು ಗಮನಿಸಿ. ಅಮೆರಿಕದಲ್ಲಿ ತೆರೆಕಂಡ ಪ್ರತಿ ಸುಮಾರು 144 ನಿಮಿಷದ್ದು, ಹೊರದೇಶಗಳಿಗಾಗಿ ಕುಬ್ರಿಕ್ ಅವರೇ ಕತ್ತರಿಸಿದ ಪ್ರತಿ ಸುಮಾರು 119 ನಿಮಿಷದ್ದು. ಕತ್ತರಿಗೆ ಸಿಕ್ಕ ಭಾಗಗಳಲ್ಲಿ, ಮಗನನ್ನು ನೋಡಲು ಬಂದ ವೈದ್ಯೆಯೆದುರು ತಾಯಿ ಅಪ್ಪನಿಂದ ಅವನ ತೋಳಿಗಾದ ಪೆಟ್ಟಿನ ಸಂಗತಿಯನ್ನು ನಗುನಗುತ್ತಾ ಮುಚ್ಚಿಟ್ಟು ಹೇಳುವ ದೃಶ್ಯವೂ ಸೇರಿದೆ. ಇಡೀ ಸಿನಿಮಾದಲ್ಲಿ ಕಾದಂಬರಿಗೆ ಅತ್ಯಂತ ಹತ್ತಿರವಿರುವ ನಿಮಿಷಗಳು ಅವು. ಉದ್ದದ ಪ್ರತಿ ಸಿಗುವವರೆಗೆ ಕಾಯುವುದು ಸಾರ್ಥಕ.

ಇದಕ್ಕೆ ಸೇರಿಸಿ ಒಂದು ಮಾತು. ಕಿಂಗ್ 2013ರಲ್ಲಿ ಬರೆದ ಮುಂದುವರಿಕೆ 'ಡಾಕ್ಟರ್ ಸ್ಲೀಪ್' ಅನ್ನು 2019ರಲ್ಲಿ ತೆರೆಗೆ ತಂದ ಮೈಕ್ ಫ್ಲ್ಯಾನಗನ್ ಅವರ ಮುಂದೆ, ಪುಸ್ತಕದಲ್ಲಿ ಸುಟ್ಟುಹೋದ ಹೋಟೆಲ್ ಮತ್ತು ಸಿನಿಮಾದಲ್ಲಿ ಉಳಿದ ಹೋಟೆಲ್ ಎರಡನ್ನೂ ಹೊಂದಿಸುವ ಕಷ್ಟವಿತ್ತು. ಅವರು ಬೆಳೆದ ಮಗನನ್ನು ಆ ಪಾಳುಬಿದ್ದ ಹೋಟೆಲಿಗೆ ಮರಳಿ ಕರೆತಂದು, ಹಳೆಯ ಕಾದಂಬರಿಯಲ್ಲಿ ಅಪ್ಪನಿಗಿದ್ದ ಬಾಯ್ಲರ್ ಕೋಣೆಯ ಕೊನೆಯನ್ನು ಮಗನಿಗೆ ಕೊಟ್ಟರು. ಪುಸ್ತಕವನ್ನು ಮೀರಿಯೂ ಪುಸ್ತಕಕ್ಕೆ ನಿಷ್ಠವಾಗಿರುವುದೆಂದರೆ ಏನೆಂದು ತಿಳಿಯಬೇಕಾದವರು ಅದನ್ನು ನೋಡಬೇಕು.

'ಪೆಟ್ ಸೆಮೆಟರಿ': 1989 ಮತ್ತು 2019

ಅತ್ತೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಕಿಂಗ್ ಮೇಯ್ನ್ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಅವರ ಬಾಡಿಗೆ ಮನೆಯೆದುರು ಲಾರಿಗಳು ನುಗ್ಗುವ ರಸ್ತೆಯಿತ್ತು. ಮಗಳ ಬೆಕ್ಕು ಅದರಲ್ಲಿ ಸತ್ತಿತು, ಪುಟ್ಟ ಮಗ ಒಮ್ಮೆ ಆ ರಸ್ತೆಯತ್ತ ಓಡಿದ್ದ. ಆ ಭಯದಿಂದ ಹುಟ್ಟಿದ ಕಾದಂಬರಿ ತೀರಾ ಕರಾಳವಾಯಿತೆಂದು ಅವರೇ ಬದಿಗಿಟ್ಟಿದ್ದರು, 1983ರಲ್ಲಷ್ಟೇ ಅದು ಹೊರಬಂತು. ವೈದ್ಯ ಲೂಯಿಸ್ ಕ್ರೀಡ್ ಅವರ ಮನೆಯ ಹಿಂದಿನ ಕಾಡಿನಲ್ಲಿ ಮಕ್ಕಳು ಸಾಕುಪ್ರಾಣಿಗಳನ್ನು ಹೂಳುವ ಜಾಗವಿದೆ, ಅದರಾಚೆ ಬಿದ್ದ ಮರಗಳ ರಾಶಿಯನ್ನು ದಾಟಿದರೆ ಹೂತದ್ದೆಲ್ಲ ಮರಳಿ ಬರುವ ಇನ್ನೊಂದು ನೆಲವಿದೆ. ಸೊಪ್ಪಿನ ಬೆಟ್ಟದಾಚೆಯ ಚೌಡಿ ಬನಕ್ಕೆ ಹೊತ್ತು ಮುಳುಗಿದ ಮೇಲೆ ಹೋಗಬಾರದೆಂದು ಕೇಳಿ ಬೆಳೆದ ನಮಗೆ ಆ ಗಡಿಯ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡು ಸಿನಿಮಾಗಳೂ ನೂರು ನಿಮಿಷದ ಆಸುಪಾಸಿನವೇ, ಆದ್ದರಿಂದ ಒಂದಕ್ಕೆ ಹೊತ್ತು ಸಾಲಲಿಲ್ಲವೆಂಬ ಸಮಾಧಾನ ನಡೆಯುವುದಿಲ್ಲ. ಮೇರಿ ಲ್ಯಾಂಬರ್ಟ್ ನಿರ್ದೇಶಿಸಿ, ಕಿಂಗ್ ಅವರೇ ಚಿತ್ರಕಥೆ ಬರೆದ 1989ರ ಸಿನಿಮಾದಲ್ಲಿ ನಟನೆ ಹಲವೆಡೆ ಒರಟು, ಬೆಳಕು ಟಿವಿ ಧಾರಾವಾಹಿಯಂತೆ. ಆದರೂ ನೆರೆಮನೆಯ ಅಜ್ಜ ಜಡ್ ಪಾತ್ರದಲ್ಲಿ ಫ್ರೆಡ್ ಗ್ವಿನ್ ತಮ್ಮ ಜಗಲಿಯಲ್ಲಿ ಕೂತು ಮಾತಾಡುವ ನಿಧಾನಗತಿ, ಪುಟ್ಟ ಗೇಜ್ ರಸ್ತೆಯತ್ತ ಓಡುವ ಆ ಮಧ್ಯಾಹ್ನ, ಸಾವಿನ ಮನೆಯಲ್ಲಿ ಮಾವನೂ ಅಳಿಯನೂ ಕೈಮಿಲಾಯಿಸುವ ಅವಮಾನ, ಆಮೇಲೆ ಲೂಯಿಸ್ ಒಬ್ಬನೇ ಸ್ಮಶಾನದಲ್ಲಿ ಮಗನ ಗುಂಡಿ ಅಗೆಯುವುದು, ಇವೆಲ್ಲವೂ ಅದರಲ್ಲಿ ಉಳಿದಿವೆ. ಆ ಮನುಷ್ಯ ತಪ್ಪು ಮಾಡುತ್ತಿದ್ದಾನೆಂದು ಗೊತ್ತಿದ್ದೂ, ಅವನ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವೇನೋ ಎಂದು ನೋಡುವವರಿಗೆ ಅನ್ನಿಸಬೇಕು. ಈ ಕಥೆಯ ಹೆದರಿಕೆ ಇರುವುದು ಆ ಅನ್ನಿಸಿಕೆಯಲ್ಲಿ.

2019ರ ಸಿನಿಮಾ ಗೇಜ್‌ನ ಬದಲು ಅಕ್ಕ ಎಲಿಯನ್ನು ಸಾಯಿಸುತ್ತದೆ. ಬದಲಾವಣೆಯೇ ಕೆಟ್ಟದ್ದೆಂದು ಹೇಳಲಾರೆ. ಮಾತು ಬಲ್ಲ, ಸಾವಿನ ಬಗ್ಗೆ ಪ್ರಶ್ನೆ ಕೇಳಿದ ಹುಡುಗಿ ಮರಳಿ ಬಂದು ಅಪ್ಪನೊಡನೆ ಮಾತಾಡುವುದರಲ್ಲಿ ಹೊಸದೊಂದು ಸಂಕಟಕ್ಕೆ ದಾರಿಯಿತ್ತು, ಒಂದೆರಡು ದೃಶ್ಯಗಳಲ್ಲಿ ಅದು ಕಾಣುತ್ತದೆ ಕೂಡ. ಆದರೆ ದುಃಖಕ್ಕೆ ಮತ್ತು ನಿರ್ಧಾರಕ್ಕೆ ಸಿಗಬೇಕಾದ ನಿಮಿಷಗಳನ್ನು ಈ ಸಿನಿಮಾ ಬೇಗಬೇಗನೆ ದಾಟುತ್ತದೆ. ಕೊನೆಯ ಭಾಗದಲ್ಲಿ ಇಡೀ ಕುಟುಂಬವೇ ಒಬ್ಬರ ಹಿಂದೊಬ್ಬರಂತೆ ಎದ್ದುಬರುವವರ ಗುಂಪಾಗುತ್ತದೆ. ಒಬ್ಬ ಅಪ್ಪ ತನ್ನ ಕೈಯಾರೆ ಮಾಡಿದ ಪಾಪದ ಕಥೆ, ದೆವ್ವಗಳು ಮನುಷ್ಯರನ್ನು ಮುಗಿಸುವ ಕಥೆಯಾಗಿ ಕಿರಿದಾಗುತ್ತದೆ. ಇದರ ಜೊತೆಗೆ ಬಿಡುಗಡೆಗೆ ಮುನ್ನವೇ ಟ್ರೇಲರಿನಲ್ಲಿ ಸಾಯುವವಳು ಎಲಿ ಎಂಬುದನ್ನು ತೋರಿಸಿಬಿಟ್ಟರು. ಚೊಕ್ಕ ಛಾಯಾಗ್ರಹಣ, ಜಾನ್ ಲಿತ್ಗೋ ಅವರ ಒಳ್ಳೆಯ ನಟನೆ, ದೊಡ್ಡ ಬಂಡವಾಳ ಎಲ್ಲ ಇದ್ದೂ ನಮ್ಮ ಜಗಲಿಯಲ್ಲಿ ಯಾರೂ ಹೆದರದಿರಲು ಕಾರಣ ಇದು. ಮರುವರ್ಷ 1989ರದ್ದನ್ನು ಹಾಕಿದಾಗ ಅತ್ತೆ ರಸ್ತೆಯ ದೃಶ್ಯಕ್ಕೆ ಎದ್ದು ಒಳಗೆ ಹೋದರು, ಬಹಳ ಹೊತ್ತು ಹೊರಗೆ ಬರಲಿಲ್ಲ. ಚಿಕ್ಕ ಮಕ್ಕಳಿರುವ ಮನೆಯವರು ಈ ಸಿನಿಮಾದ ವಿಚಾರದಲ್ಲಿ ಒಮ್ಮೆ ಯೋಚಿಸಿಯೇ ಮುಂದುವರಿಯಬೇಕೆಂದು ಅಂದಿನಿಂದ ಹೇಳುತ್ತಿದ್ದೇನೆ.

ಊರೇ ಪಾತ್ರವಾಗಿರುವ ಎರಡು ಕಥೆಗಳು

'ಸೇಲಮ್ಸ್ ಲಾಟ್' 1975ರ ಕಾದಂಬರಿ. ರಕ್ತ ಹೀರುವ ಪಿಶಾಚಿಯೊಂದು ಸಣ್ಣ ಊರಿಗೆ ಬಂದು ನೆಲೆಸುತ್ತದೆ ಎಂಬುದಷ್ಟೇ ಕಥೆಯ ಹಂದರ. ಆದರೆ ಹಾಲು ಹಾಕುವವನು, ಬಸ್ ಓಡಿಸುವವನು, ದೂರವಾಣಿಯಲ್ಲಿ ಪರರ ಮಾತು ಕದ್ದು ಕೇಳುವವಳು, ಎಲ್ಲರ ಗುಟ್ಟುಗಳನ್ನೂ ಕಿಂಗ್ ಅಷ್ಟು ವಿವರವಾಗಿ ಹೇಳಿರುತ್ತಾರೆಂದರೆ, ಅವರು ಒಬ್ಬೊಬ್ಬರಾಗಿ ಮಾಯವಾಗುವಾಗ ನಮ್ಮದೇ ಕೇರಿಯ ಮನೆಗಳ ದೀಪ ಆರಿದಂತಾಗುತ್ತದೆ. ಟೋಬ್ ಹೂಪರ್ ಅವರು 1979ರಲ್ಲಿ ಟಿವಿಗಾಗಿ ಮಾಡಿದ ಎರಡು ಭಾಗಗಳ ರೂಪ ಈ ಊರನ್ನು ತಕ್ಕಮಟ್ಟಿಗೆ ಉಳಿಸಿಕೊಂಡಿದೆ. ಕಾದಂಬರಿಯಲ್ಲಿ ಚೆನ್ನಾಗಿ ಮಾತು ಬಲ್ಲ ಬಾರ್ಲೋ ಎಂಬ ಆ ಪಿಶಾಚಿ ಅಲ್ಲಿ ಮಾತಿಲ್ಲದ, ನೀಲಿ ಮುಖದ ಜಂತುವಾಗಿದ್ದಾನೆ, ಇದು ದೊಡ್ಡ ಬದಲಾವಣೆಯೇ. ಆದರೂ ಸತ್ತ ಹುಡುಗ ಮಂಜಿನ ನಡುವೆ ತೇಲಿಬಂದು ಕಿಟಕಿಯ ಗಾಜನ್ನು ಉಗುರಿನಿಂದ ಕೆರೆಯುವ ದೃಶ್ಯವನ್ನು ಒಮ್ಮೆ ನೋಡಿದವರು ಮರೆಯಲಾರರು. 2024ರಲ್ಲಿ ಗ್ಯಾರಿ ಡೌಬರ್ಮನ್ ನಿರ್ದೇಶಿಸಿದ ಹೊಸ ಸಿನಿಮಾ ಎರಡು ಗಂಟೆಯೊಳಗೆ ಎಲ್ಲವನ್ನೂ ಮುಗಿಸುತ್ತದೆ. ನೋಡಲು ಚೆಂದವಿದೆ, ಬಣ್ಣಗಳಂತೂ ಮನಸ್ಸಿನಲ್ಲಿ ಉಳಿಯುತ್ತವೆ. ಆದರೆ ಊರಿನವರ ಪರಿಚಯವಾಗುವ ಮೊದಲೇ ಅವರೆಲ್ಲ ಪಿಶಾಚಿಗಳಾಗಿರುತ್ತಾರೆ, ಹಾಗಾಗಿ ಕಳೆದುಕೊಂಡದ್ದೇನೆಂದು ನಮಗೆ ತಿಳಿಯುವುದಿಲ್ಲ. ಇಡೀ ರಾತ್ರಿಯ ಬಯಲಾಟವನ್ನು ಕಾಲಮಿತಿಗೆ ಇಳಿಸುವಾಗ ಬಲ್ಲ ಭಾಗವತರು ಯುದ್ಧದ ಪದ್ಯಗಳನ್ನು ಕಡಿಮೆ ಮಾಡಿ ಕರುಣೆಯ ಪದ್ಯವನ್ನು ಉಳಿಸುತ್ತಾರೆ. ಇಲ್ಲಿ ಅದು ತಲೆಕೆಳಗಾಗಿದೆ. 1979ರದ್ದನ್ನು ಆರಿಸಿ, ಎರಡು ರಾತ್ರಿಗೆ ಹಂಚಿ ನೋಡಿ. ಯುರೋಪಿನ ಚಿತ್ರಮಂದಿರಗಳಿಗಾಗಿ ಅದನ್ನೇ ಎರಡು ಗಂಟೆಗಿಂತ ಕಡಿಮೆಗೆ ಕತ್ತರಿಸಿದ ಪ್ರತಿಯೂ ಓಡಾಡುತ್ತಿದೆ, ಅದು ಕೈಗೆ ಬಂದರೆ ಬದಿಗಿಡಿ.

'ಇಟ್' ವಿಚಾರದಲ್ಲಿ ಆಯ್ಕೆ ಇನ್ನೊಂದು ಬಗೆಯದು. 1986ರ ಆ ಕಾದಂಬರಿ ಸಾವಿರದ ನೂರು ಪುಟಗಳನ್ನು ಮೀರುತ್ತದೆ. ಡೆರಿ ಎಂಬ ಊರಿನಲ್ಲಿ ಇಪ್ಪತ್ತೇಳು ವರ್ಷಕ್ಕೊಮ್ಮೆ ಎಚ್ಚರಗೊಳ್ಳುವ ಪೀಡೆಯನ್ನು ಮಕ್ಕಳಾಗಿದ್ದಾಗಲೂ ದೊಡ್ಡವರಾದ ಮೇಲೂ ಎದುರಿಸುವ ಏಳು ಗೆಳೆಯರ ಕಥೆಯಲ್ಲಿ ಎರಡು ಕಾಲಗಳೂ ಜಡೆಯಂತೆ ಹೆಣೆದುಕೊಂಡಿವೆ. 1990ರ ಟಿವಿ ರೂಪದಲ್ಲಿ ಆ ಪೀಡೆ ತೊಡುವ ವಿದೂಷಕನ ವೇಷದಲ್ಲಿ ಟಿಮ್ ಕರಿ ಅದ್ಭುತ, ಮಕ್ಕಳ ಭಾಗವೂ ಬೆಚ್ಚಗಿದೆ. ಆದರೆ ಕೊನೆಯಲ್ಲಿ ಬರುವ ದೊಡ್ಡ ಜೇಡ ರಬ್ಬರಿನ ಬೊಂಬೆಯಂತೆ ಕಂಡು ಅಲ್ಲಿಯವರೆಗಿನ ಶ್ರಮ ಕೈಜಾರುತ್ತದೆ. ಆಂಡಿ ಮುಶೆಟಿ ಅವರು ಜಡೆಯನ್ನು ಬಿಡಿಸಿ, 2017ರಲ್ಲಿ ಮಕ್ಕಳ ಭಾಗವನ್ನೂ 2019ರಲ್ಲಿ ದೊಡ್ಡವರ ಭಾಗವನ್ನೂ ಬೇರೆ ಬೇರೆ ಸಿನಿಮಾಗಳಾಗಿ ಮಾಡಿದರು. ಮೊದಲನೆಯದನ್ನು ಧಾರಾಳವಾಗಿ ಹೊಗಳುತ್ತೇನೆ. ಬೇಸಿಗೆ ರಜೆಯ ಮಕ್ಕಳ ಮಾತು, ಜಗಳ, ಮನೆಗಳಲ್ಲಿ ಅಪ್ಪ ಅಮ್ಮಂದಿರ ಕ್ರೌರ್ಯ ಎಲ್ಲವೂ ವಿದೂಷಕನಷ್ಟೇ ಭಾರವಾಗಿ ಅದರಲ್ಲಿವೆ. ಎರಡನೆಯದು 169 ನಿಮಿಷ ನಡೆದರೂ ಖಾಲಿಯಾಗಿದೆ. ಒಬ್ಬೊಬ್ಬರೂ ಒಂಟಿಯಾಗಿ ಹಳೆಯ ನೆನಪಿನ ವಸ್ತು ಹುಡುಕಲು ಹೋಗುವುದು, ಅಲ್ಲೊಂದು ಕಂಪ್ಯೂಟರಿನಲ್ಲಿ ಹುಟ್ಟಿದ ವಿಕಾರ ರೂಪ ಎದುರಾಗುವುದು, ಅವರು ಓಡಿಬರುವುದು, ಇದೇ ಸರದಿ ಮತ್ತೆ ಮತ್ತೆ ಬರುತ್ತದೆ. ಮಕ್ಕಳಾಗಿದ್ದಾಗಿನ ಧೈರ್ಯ ದೊಡ್ಡವರಲ್ಲಿ ಯಾಕೆ ಉಳಿಯಲಿಲ್ಲ ಎಂಬ ಕಾದಂಬರಿಯ ಪ್ರಶ್ನೆ, ಎರಡು ಕಾಲಗಳನ್ನು ಬೇರ್ಪಡಿಸಿದ ಕ್ಷಣದಲ್ಲೇ ದುರ್ಬಲವಾಯಿತೆಂದು ನನಗೆ ತೋರುತ್ತದೆ. 2017ರದ್ದನ್ನು ನೋಡಿ ಅಲ್ಲಿಗೇ ನಿಲ್ಲಿಸಿದರೆ ನಷ್ಟವಿಲ್ಲ. ಮುಂದಿನ ಕಥೆ ಬೇಕೆನ್ನುವವರು ಪುಸ್ತಕಕ್ಕೆ ಹೋಗಲಿ.

ಬೇಗನೆ ತೀರ್ಮಾನವಾಗುವವು

'ಕ್ಯಾರಿ' ವಿಚಾರದಲ್ಲಿ ತೂಗುವ ಕೆಲಸವೇ ಇಲ್ಲ. ಕಿಂಗ್ ಅವರ ಮೊದಲ ಪ್ರಕಟಿತ ಕಾದಂಬರಿ ಅದು, 1974ರದ್ದು. ಅವರು ಕಸದ ಬುಟ್ಟಿಗೆ ಎಸೆದಿದ್ದ ಮೊದಲ ಪುಟಗಳನ್ನು ಹೆಂಡತಿ ಟ್ಯಾಬಿತಾ ಎತ್ತಿಕೊಂಡು ಓದಿ ಮುಂದುವರಿಸಲು ಹೇಳಿದ ಕಥೆ ಪ್ರಸಿದ್ಧ. ಬ್ರಯನ್ ಡಿ ಪಾಲ್ಮಾ ಅವರ 1976ರ ಸಿನಿಮಾದಲ್ಲಿ ಕ್ಯಾರಿಯಾಗಿ ಸಿಸಿ ಸ್ಪೇಸಕ್ ಮತ್ತು ಅವಳ ತಾಯಿಯಾಗಿ ಪೈಪರ್ ಲಾರಿ ಇಬ್ಬರೂ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಸಮಾಧಿಯಿಂದ ಕೈ ಏಳುವ ಕೊನೆಯ ದೃಶ್ಯ ಪುಸ್ತಕದಲ್ಲಿಲ್ಲದಿದ್ದರೂ ಕಿಂಗ್ ಅದನ್ನು ಮೆಚ್ಚಿದ್ದಾರೆ. 2013ರ ರೂಪ ಹಳೆಯದರ ಹೆಜ್ಜೆಯಲ್ಲೇ ನಡೆಯುತ್ತದೆ. ಪುಸ್ತಕವು ವರದಿಗಳು, ಹೇಳಿಕೆಗಳು, ಪತ್ರಿಕೆಯ ತುಣುಕುಗಳ ಮೂಲಕ ಕಥೆ ಹೇಳಿದ ರೀತಿಯನ್ನಾದರೂ ಹಿಡಿದಿದ್ದರೆ ಅದಕ್ಕೊಂದು ಕಾರಣವಿರುತ್ತಿತ್ತು.

'ಫೈರ್‌ಸ್ಟಾರ್ಟರ್'ನ 1984 ಮತ್ತು 2022ರ ರೂಪಗಳೆರಡೂ ಸೋತಿವೆ. ಅನಿವಾರ್ಯವಾದರೆ ಬಾಲಕಿ ಡ್ರೂ ಬ್ಯಾರಿಮೋರ್ ಅವರಿಗಾಗಿ ಮೊದಲನೆಯದನ್ನು, ಜಾನ್ ಕಾರ್ಪೆಂಟರ್ ಅವರ ಸಂಗೀತಕ್ಕಾಗಿ ಎರಡನೆಯದನ್ನು ನೋಡಬಹುದು.

'ದಿ ಡಾರ್ಕ್ ಟವರ್' 2017ರಲ್ಲಿ ಸಿನಿಮಾವಾಯಿತು. ಎಂಟು ಪುಸ್ತಕಗಳ, ಮೂವತ್ತು ವರ್ಷಗಳ ಬರವಣಿಗೆಯನ್ನು 95 ನಿಮಿಷಕ್ಕೆ ಇಳಿಸಿದ್ದಾರೆ. ಇದ್ರಿಸ್ ಎಲ್ಬಾ ಅಂಥ ನಟ ಇದ್ದೂ ಏನೂ ಉಳಿಯಲಿಲ್ಲ. ಪುಸ್ತಕ ಓದಿದವರಿಗೆ ಅದು ನೋವು, ಓದದವರಿಗೆ ಗೊಂದಲ. 2003ರ 'ಡ್ರೀಮ್‌ಕ್ಯಾಚರ್' ಬಗ್ಗೆ ಮಾತ್ರ ಸ್ವಲ್ಪ ಮರುಕವಿದೆ. ಹಿಮದ ನಡುವಿನ ಬೇಟೆಯ ಮನೆಯಲ್ಲಿ ನಾಲ್ವರು ಹಳೆಯ ಗೆಳೆಯರು ಸೇರುವ ಅದರ ಮೊದಲ ಭಾಗ ನಿಜಕ್ಕೂ ಚೆನ್ನಾಗಿದೆ. ಆಮೇಲೆ ಸೈನ್ಯ, ಹೆಲಿಕಾಪ್ಟರ್, ಅನ್ಯಗ್ರಹದ ಜೀವಿಗಳು ನುಗ್ಗಿ ಆ ನಾಲ್ವರ ಗೆಳೆತನವನ್ನು ಮೂಲೆಗೆ ತಳ್ಳುತ್ತವೆ. ಬೇಸರ ಬಂದಾಗ ಅರ್ಧಕ್ಕೆ ಎದ್ದುಹೋಗುವ ಅಭ್ಯಾಸವಿರುವವರು ಮೊದಲರ್ಧ ನೋಡಬಹುದು.

ಲೇಖಕರೇ ಕೈಹಾಕಿದರೆ ಸರಿಹೋಗುತ್ತದೆಂಬ ನಂಬಿಕೆ ನಮ್ಮಲ್ಲಿ ಹಲವರಿಗಿದೆ, ನನಗೂ ಇತ್ತು. 1997ರ 'ಶೈನಿಂಗ್' ಅದನ್ನು ಅಲುಗಾಡಿಸಿತು. 1986ರಲ್ಲಿ ಕಿಂಗ್ ಅವರೇ ನಿರ್ದೇಶಿಸಿದ ಏಕೈಕ ಸಿನಿಮಾ 'ಮ್ಯಾಕ್ಸಿಮಮ್ ಓವರ್‌ಡ್ರೈವ್' ಅದನ್ನು ಪೂರ್ತಿ ತೆಗೆದುಹಾಕಿತು. ಅವರು ಚಿತ್ರಕಥೆಯಲ್ಲಿ ಪಾಲುಗೊಂಡ 2016ರ 'ಸೆಲ್' ಸಹ ಅದೇ ದಾರಿಯದ್ದು. ಮೊಬೈಲ್ ಫೋನಿನ ಮೂಲಕ ಬರುವ ಸಂಕೇತವೊಂದು ಮನುಷ್ಯರನ್ನು ಹುಚ್ಚರನ್ನಾಗಿಸುವ 2006ರ ಕಾದಂಬರಿ, ಸಿನಿಮಾ ಆಗುವ ಹೊತ್ತಿಗೆ ತನ್ನ ತುರ್ತನ್ನು ಕಳೆದುಕೊಂಡಿತ್ತು.

ಸಣ್ಣಕಥೆಗಳನ್ನು ಹಿಗ್ಗಿಸಿದ ಸಿನಿಮಾಗಳದ್ದು ಇನ್ನೊಂದು ಸಂಕಟ. 1978ರ 'ನೈಟ್ ಶಿಫ್ಟ್' ಸಂಕಲನದ 'ಚಿಲ್ಡ್ರನ್ ಆಫ್ ದಿ ಕಾರ್ನ್' ಕೆಲವೇ ಪುಟಗಳಲ್ಲಿ, ಜಗಳವಾಡುತ್ತಾ ಬರುವ ಗಂಡಹೆಂಡಿರನ್ನು ಮೆಕ್ಕೆಜೋಳದ ಹೊಲಗಳ ಊರಿಗೆ ತಂದು ಉಸಿರುಗಟ್ಟಿಸುತ್ತದೆ. 1984ರ ಸಿನಿಮಾ ಅವರಿಬ್ಬರನ್ನೂ ಉಳಿಸಿ ಕಥೆಯ ಹಲ್ಲು ಕಿತ್ತಿತು, ಆಮೇಲೆ ಬಂದ ಸಾಲು ಸಾಲು ಮುಂದುವರಿಕೆಗಳ ಮಾತು ಬೇಡ. ಅದೇ ಸಂಕಲನದ 'ದಿ ಲಾನ್‌ಮೋವರ್ ಮ್ಯಾನ್' ಹೆಸರಿನಲ್ಲಿ 1992ರಲ್ಲಿ ಬಂದ ಸಿನಿಮಾಕ್ಕೂ ಕಥೆಗೂ ಸಂಬಂಧ ಎಷ್ಟು ಕಡಿಮೆಯೆಂದರೆ, ಕಿಂಗ್ ನ್ಯಾಯಾಲಯಕ್ಕೆ ಹೋಗಿ ತಮ್ಮ ಹೆಸರನ್ನು ತೆಗೆಸಬೇಕಾಯಿತು. ಇವೆರಡನ್ನೂ ಓದುವುದೇ ಲೇಸು.

ಕಿಂಗ್ ಬರೆಯುವುದರಲ್ಲಿ ಬಹುಪಾಲು ಪಾತ್ರದ ತಲೆಯೊಳಗೆ ನಡೆಯುತ್ತದೆ, ಕ್ಯಾಮೆರಾಕ್ಕೆ ಅದು ಸಿಗುವುದಿಲ್ಲ ಎಂದು ಸೋತವರ ಪರವಾಗಿ ವಾದಿಸುವವರಿದ್ದಾರೆ. ಅವರಿಗೆ 2017ರ 'ಜೆರಾಲ್ಡ್ಸ್ ಗೇಮ್' ತೋರಿಸುತ್ತೇನೆ. ಮಂಚಕ್ಕೆ ಕೋಳ ಹಾಕಿಸಿಕೊಂಡು ಒಂಟಿಯಾಗಿ ಉಳಿದ ಹೆಂಗಸಿನ ಮನಸ್ಸಿನ ದನಿಗಳನ್ನು ಫ್ಲ್ಯಾನಗನ್ ಅವರು ಅದೇ ಕೋಣೆಯಲ್ಲಿ ನಿಂತು ಮಾತಾಡುವ ಮನುಷ್ಯರನ್ನಾಗಿ ಮಾಡಿದರು. ಒಂದೇ ಕೋಣೆ, ಒಂದೇ ಮಂಚ, ಆದರೂ ಆ ಹೆಂಗಸಿನ ಇಡೀ ಬಾಲ್ಯ ಅಲ್ಲಿ ಬಂದು ಕೂರುತ್ತದೆ. ಮಕ್ಕಳೊಡನೆ ನೋಡುವ ಸಿನಿಮಾ ಅದಲ್ಲ.

'ದಿ ಮಿಸ್ಟ್': 2007 ಮತ್ತು 2017

ದೇವಿಮನೆ ಘಟ್ಟದಲ್ಲಿ ಮಳೆಗಾಲದ ಮಂಜು ಇಳಿದಾಗ ಬಸ್ಸಿನ ದೀಪ ಹತ್ತು ಮಾರು ದೂರವನ್ನೂ ಬೆಳಗುವುದಿಲ್ಲ. ಕುಮಟಾದಿಂದ ಶಿರಸಿಗೆ ಬರುವಾಗ ಆ ತಿರುವುಗಳಲ್ಲಿ ಬಸ್ ನಿಂತು, ಒಳಗಿದ್ದವರೆಲ್ಲ ಮಾತು ನಿಲ್ಲಿಸಿ ಕಿಟಕಿಯಾಚೆ ನೋಡುತ್ತಾ ಕೂತ ಅನುಭವವಿರುವವರಿಗೆ ಈ ಕಥೆ ಬೇಗ ಹತ್ತಿರವಾಗುತ್ತದೆ. ಮಂಜು ಕವಿದಾಗ ಅಂಗಡಿಯೊಂದರಲ್ಲಿ ಸಿಕ್ಕಿಬಿದ್ದ ಊರಿನವರು, ಹೊರಗಿರುವುದಕ್ಕಿಂತ ಒಬ್ಬರಿಗೊಬ್ಬರು ಹೆಚ್ಚು ಭಯಂಕರರಾಗುವ 1980ರ ನೀಳ್ಗತೆ ಇದು. ಫ್ರ್ಯಾಂಕ್ ಡಾರಬಾಂಟ್ ಅವರ 2007ರ ಸಿನಿಮಾದಲ್ಲಿ ಹೊರಗಿನ ಜೀವಿಗಳು ಕೆಲವೆಡೆ ನಕಲಿಯೆನಿಸಿದರೂ ಅಂಗಡಿಯೊಳಗಿನ ಮನುಷ್ಯರು ಎಲ್ಲೂ ಸುಳ್ಳಾಗುವುದಿಲ್ಲ. ಕಥೆಯ ಕೊನೆ ಸ್ವಲ್ಪ ಆಸೆಯನ್ನು ಉಳಿಸಿ ತೆರೆದೇ ನಿಲ್ಲುತ್ತದೆ. ಸಿನಿಮಾ ಆ ಕೊನೆಯನ್ನು ಪೂರ್ತಿ ಬದಲಿಸಿತು, ಕಿಂಗ್ ಅದನ್ನು ಮನಸಾರೆ ಒಪ್ಪಿದರು. ನಾನು ಆರಂಭದಲ್ಲಿ ಹೇಳದೆ ಬಿಡುತ್ತೇನೆಂದ ಕೊನೆ ಇದು. 2017ರಲ್ಲಿ ಇದೇ ಕಥೆ ಹತ್ತು ಕಂತುಗಳ ಟಿವಿ ಸರಣಿಯಾಗಿ ಬಂದು, ಒಂದೇ ಸೀಸನ್ನಿಗೆ ನಿಂತುಹೋಯಿತು. ಹತ್ತು ಕಂತುಗಳಷ್ಟು ಹೊತ್ತಿದ್ದರೂ ಅದು ಜನರನ್ನು ಒಂದೇ ಅಂಗಡಿಯಲ್ಲಿ ಕೂಡಿಹಾಕುವ ಬದಲು ಊರಿನ ತುಂಬ ಚದುರಿಸಿತು, ಮಂಜು ಬರಿಯ ಹಿನ್ನೆಲೆಯಾಯಿತು.

2007ರ ಸಿನಿಮಾದ ಕಪ್ಪುಬಿಳುಪು ಪ್ರತಿಯೂ ಇದೆ, ನಿರ್ದೇಶಕರಿಗೆ ಅದೇ ಹೆಚ್ಚು ಇಷ್ಟವಾದದ್ದು. ಬಣ್ಣ ಹೋದಾಗ ಆ ನಕಲಿ ಜೀವಿಗಳೂ ಮಂಜಿನೊಳಗೆ ಕರಗಿ ನಂಬುವಂತಾಗುತ್ತವೆ. ನಮ್ಮಲ್ಲಿ ಕರೆಂಟ್ ಹೋದರೆ ಇನ್ವರ್ಟರ್ ಎರಡೂವರೆ ಗಂಟೆ ತಡೆಯುತ್ತದೆ, ಸಿನಿಮಾ ಅದಕ್ಕಿಂತ ಚಿಕ್ಕದು. ಈ ಸಲ ಪುನರ್ವಸು ಮಳೆಯ ಮೊದಲ ಶನಿವಾರಕ್ಕೆ ಆ ಕಪ್ಪುಬಿಳುಪಿನ ಪ್ರತಿಯನ್ನೇ ತೆಗೆದಿಟ್ಟಿದ್ದೇನೆ. ಕೊನೆ ಏನಾಗುತ್ತದೆಂದು ಅತ್ತೆ ಈಗಾಗಲೇ ಎರಡು ಸಲ ಕೇಳಿದ್ದಾರೆ, ನಾನು ಹೇಳಿಲ್ಲ.